ಮನೆತನದ ಇತಿಹಾಸ: ನಾವು ಹುಡುಕಿದ್ದು, ನಾವೇ ಬಿಟ್ಟಿದ್ದು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ಮನೆಗೆ ಬಂದು 'ಮಾಸ್ತರ, ಬೆಳ್ಳಿಹಬ್ಬಕ್ಕ ನೀವೂ ನಾಲ್ಕು ಮಾತು ಆಡಬೇಕು' ಎಂದಾಗ ನಾವು ಸಹಕಾರದ ಬಗ್ಗೆಯೇ ಟಿಪ್ಪಣಿ ಮಾಡಿಕೊಂಡಿದ್ದೆವು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ ಕಥೆಯಿಂದ ಶುರು ಮಾಡೋಣ ಅಂತ ಇತ್ತು. ಆದರೆ ಬೆಳಿಗ್ಗೆಯಿಂದ ಮಾತಾಡಿದ ಮೂವರೂ ಕಣಗಿನಹಾಳಕ್ಕೆ ಹೋಗಿ ಬಂದಿದ್ದಾರೆ. ನಾಲ್ಕನೇ ಸಲ ನಿಮ್ಮನ್ನು ಅಲ್ಲಿಗೆ ಕರಕೊಂಡು ಹೋದರೆ ಊಟದ ಪಂಕ್ತಿ ತಡವಾದೀತು. ಅದಕ್ಕೆ ಬೇರೆ ವಿಷಯ ಹೇಳುತ್ತೇವೆ. ಕೊನೆಗೆ ಅದೂ ಈ ಸಂಘದ ಕಪಾಟಿಗೇ ಬಂದು ನಿಲ್ಲುತ್ತದೆ.

ಎರಡು ವರ್ಷದಿಂದ ನಾವು ನಮ್ಮ ಮನೆತನದ ಇತಿಹಾಸ ಬರೆಯುತ್ತಿದ್ದೇವೆ. 'ಮಾಸ್ತರಿಗೆ ರಿಟೈರ್ ಆದಮ್ಯಾಲೆ ಕೆಲಸಿಲ್ಲ, ಸತ್ತವರ ಹೆಸರು ಬರಕೋತ ಅಡ್ಡಾಡ್ತಾರ' ಅಂತ ಕಟ್ಟೆಯ ಮೇಲೆ ಮಾತಾಗಿರುವುದು ನಮ್ಮ ಕಿವಿಗೂ ಬಿದ್ದಿದೆ. 'ನಾವು' ಅಂದರೆ ಒಬ್ಬರಲ್ಲ. ನಮ್ಮ ಜೊತೆ ಅಣ್ಣನ ಮಗಳು ಇದ್ದಾಳೆ, ಧಾರವಾಡದಲ್ಲಿ ಓದುತ್ತಾಳೆ. ಮೂರನೆಯವರು ತಡವಾಗಿ ಸೇರಿದರು, ಅವರ ಮಾತು ಮುಂದೆ ಬರುತ್ತದೆ.

ಶುರುವಾದದ್ದು ಹಿರಿಯರ ಹಬ್ಬದ ದಿನ. ಎಡೆ ಹಿಡಿದು ಹಿರಿಯರ ಹೆಸರು ಹೇಳುವಾಗ ಅಪ್ಪ, ಅಜ್ಜ, ಮುತ್ತಜ್ಜ ಅಂತ ಮೂರು ಹೆಸರಿಗೆ ನಮ್ಮ ಬಾಯಿ ನಿಂತಿತು. ಹುಡುಗಿ ಕೇಳಿದಳು: 'ಮುತ್ತಜ್ಜನ ಅಪ್ಪನ ಹೆಸರೇನು ಕಾಕಾ?' ನಾವು ಅಣ್ಣನ ಮುಖ ನೋಡಿದೆವು, ಅಣ್ಣ ದೇವರ ಜಗಲಿ ನೋಡಿದ. ಮೂವತ್ತೆರಡು ವರ್ಷ ಮಕ್ಕಳಿಗೆ ಗುಪ್ತರ, ಕದಂಬರ, ಚಾಲುಕ್ಯರ ವಂಶಾವಳಿ ಬಾಯಿಪಾಠ ಮಾಡಿಸಿದವರು ನಾವು. ಪುಲಿಕೇಶಿಯ ತಂದೆ ಯಾರು ಅಂದರೆ ನಿದ್ದೆಗಣ್ಣಲ್ಲಿ ಹೇಳುತ್ತೇವೆ.

ನಮ್ಮ ಮನೆಯಲ್ಲಿ ಒಂದು ಮಾತು ಮೊದಲಿನಿಂದ ಇತ್ತು. ನಮ್ಮ ಹಿರಿಯರು ಕಿತ್ತೂರ ಚೆನ್ನಮ್ಮನ ದಂಡಿನಲ್ಲಿದ್ದರು, ಈ ಹೊಲ ಅವರಿಗೆ ಇನಾಮು ಸಿಕ್ಕಿದ್ದು ಅಂತ. ನಮ್ಮ ಭಾಗದಲ್ಲಿ ಅರ್ಧ ಮನೆಗಳು ಇದೇ ಮಾತು ಹೇಳುತ್ತವೆ. 1824ರ ದಂಡಿನಲ್ಲಿ ಅಷ್ಟು ಜನ ಇದ್ದಿದ್ದರೆ ಇಂಗ್ಲಿಷರು ಬಂದ ದಾರಿಯಲ್ಲೇ ತಿರುಗಿ ಹೋಗುತ್ತಿದ್ದರು! ಆದರೂ ನಾವು ಆ ಮಾತನ್ನೇ ನಂಬಿ ಕಿತ್ತೂರಿನಿಂದಲೇ ಶುರು ಮಾಡಿದೆವು. ಆರು ತಿಂಗಳು ಹಾಳಾಯಿತು. ಕಿತ್ತೂರಿನಿಂದ ಕೆಳಗೆ ಇಳಿದು ನಮ್ಮ ಮನೆ ಬಾಗಿಲಿಗೆ ಬರುವ ದಾರಿಯೇ ಸಿಗಲಿಲ್ಲ.

ಆಗ ತಿಳಿದದ್ದು, ಈ ಕೆಲಸ ತಿರುವಿ ಮಾಡಬೇಕು ಅಂತ. ಬದುಕಿರುವವರಿಂದ ಶುರು ಮಾಡಿ ಒಂದೊಂದೇ ತಲೆ ಹಿಂದಕ್ಕೆ ಹೋಗಬೇಕು. ಮಗ ಯಾರು, ಅವನ ಅಪ್ಪ ಇವನೇ ಅನ್ನುವುದಕ್ಕೆ ಆಧಾರ ಏನು, ಆಧಾರ ಸಿಕ್ಕ ಮೇಲೆ ಮುಂದಿನ ಮೆಟ್ಟಿಲು. ಹುಡುಗಿ ಒಂದು ಉದ್ದ ನೋಟ್‌ಬುಕ್ಕು ತಂದು ಪ್ರತಿ ಪುಟಕ್ಕೆ ನಡುವೆ ಗೆರೆ ಎಳೆದಳು. ಎಡಕ್ಕೆ ಸಂಗತಿ, ಬಲಕ್ಕೆ ಅದು ಎಲ್ಲಿ ಸಿಕ್ಕಿತು, ಯಾರು ಹೇಳಿದರು, ಯಾವ ದಿನ. ಬಲಗಡೆ ಖಾಲಿ ಇದ್ದರೆ ಎಡಗಡೆಯದನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು ಅಂತ ಆಕೆಯದೇ ಕಾನೂನು. ಮೊದಲ ಎಂಟು ಪುಟ ಪೂರ್ತಿ ಪೆನ್ಸಿಲ್ಲಿನಲ್ಲೇ ಇದ್ದವು.

ಕಾಗದಗಳ ಮಾತಿಗೆ ಬರೋಣ. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ತಂದೆಯ ಹೆಸರು, ಊರು, ಕಸುಬು ಇರುತ್ತವೆ, ಬಹಳ ಉಪಯೋಗ. ಹುಟ್ಟಿದ ತಾರೀಖು ಮಾತ್ರ ನಂಬಬೇಡಿ. ಅರ್ಧ ಊರು ಜೂನ್ ಒಂದಕ್ಕೆ ಹುಟ್ಟಿದೆ. ಹಾಗೆ ಹುಟ್ಟಿಸಿದವರಲ್ಲಿ ನಾವೂ ಒಬ್ಬರು, ಇಲ್ಲಿ ಕುಳಿತವರಲ್ಲಿ ಹತ್ತಾರು ಮಂದಿಯ ಜಾತಕ ನಮ್ಮ ಕೈಬರಹದ್ದೇ. ಅಡ್ಡಹೆಸರನ್ನೂ ನಂಬುವಂತಿಲ್ಲ. ನಮ್ಮ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ ಎಲ್ಲವೂ ಅಡ್ಡಹೆಸರುಗಳೇ. ಶಾಲೆಗೆ ಸೇರಿಸುವಾಗ ಮಾಸ್ತರರು ಏನು ಕೇಳಿದರೋ, ಹಿರಿಯರು ಏನು ಹೇಳಿದರೋ, ಒಂದೇ ಮನೆಯ ಅಣ್ಣತಮ್ಮಂದಿರಿಗೆ ಎರಡು ಅಡ್ಡಹೆಸರು ಬಿದ್ದದ್ದೂ ಉಂಟು.

ಹೊಲ ಇದ್ದವರಿಗೆ ಬಹಳ ಮಾಹಿತಿ ಸಿಗುವುದು ಉತಾರ ಮತ್ತು ಮ್ಯುಟೇಶನ್ ರಿಜಿಸ್ಟರಿನಲ್ಲಿ. ನಮ್ಮ ಧಾರವಾಡ ಸೀಮೆ ಆಗ ಮುಂಬಯಿ ಇಲಾಖೆಯಲ್ಲಿತ್ತು. 1840ರ ದಶಕದಲ್ಲೇ ವಿಂಗೇಟ್ ಸಾಹೇಬರ ಕಾಲದ ಮೋಜಣಿ ಇಲ್ಲಿ ನಡೆದಿತ್ತು. 1903ರ ಕಾನೂನಿನಿಂದ ಹಕ್ಕುದಾಖಲೆ ಬಂತು. ಅಲ್ಲಿಂದ ಮುಂದೆ ಯಾರು ಸತ್ತರೂ, ಯಾರು ಖರೀದಿ ಮಾಡಿದರೂ, ಅಣ್ಣತಮ್ಮರು ವಾಟ್ನಿ ಆದರೂ ಒಂದು ನಂಬರು ಬಿದ್ದು ಬರೆಯಲ್ಪಡುತ್ತದೆ. ಈಗ ಕಂಪ್ಯೂಟರಿನಲ್ಲಿ ಬರುವ ಪಹಣಿ 'ಭೂಮಿ' ಯೋಜನೆಯ ಕಾಲದ್ದು, ಸುಮಾರು 2000ದಿಂದ ಈಚಿನದು. ಅದರ ಹಿಂದಿನ ಕೈಬರಹದವು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಹಾಕಿ ನಕಲು ತಗೋಬೇಕು. ಇನ್ನೂ ಹಿಂದಿನವು ಕೆಲವು ಮೋಡಿ ಅಕ್ಷರದಲ್ಲಿವೆ, ಓದುವವರು ಬಹಳ ಕಡಿಮೆ. ನಮ್ಮ ಪುಣ್ಯಕ್ಕೆ ಧಾರವಾಡದಲ್ಲಿ ಒಬ್ಬ ಹಿರಿಯರು ಸಿಕ್ಕರು, ಚಹಾ ಕೂಡ ತೆಗೆದುಕೊಳ್ಳದೆ ಓದಿಕೊಟ್ಟರು.

ಇಲ್ಲಿ ನಾವು ಮಾಡಿದ ಒಂದು ತಪ್ಪು ಹೇಳಬೇಕು, ನೀವು ಮಾಡಬಾರದು ಅಂತ. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಒಂದು ಕರಾರುಪತ್ರ ಸಿಕ್ಕಿತು. ನಮ್ಮ ಅಜ್ಜನ ಹೆಸರು, ಧಾತು ಸಂವತ್ಸರ. ಧಾತು ಅಂದ ಕೂಡಲೇ ನಮಗೆ ನೆನಪಾದದ್ದು ಧಾತು-ಈಶ್ವರದ ಬರ, ಅಂದರೆ 1876-78ರ ದೊಡ್ಡ ಬರ. ಆದರೆ ಅಜ್ಜ ಹುಟ್ಟಿದ್ದೇ ಅದಾಗಿ ಇಪ್ಪತ್ತು ವರ್ಷದ ಮೇಲೆ. ಹುಟ್ಟುವ ಮೊದಲೇ ಕರಾರು ಹೇಗೆ ಮಾಡಿದ? ಯಾವುದೋ ಬೇರೆ ಮನೆಯ ಕಾಗದ ಅಂತ ಎತ್ತಿಟ್ಟೆವು. ಹುಡುಗಿ ಅದನ್ನು ಬೆಳಕಿಗೆ ಹಿಡಿದು, 'ಕಾಕಾ, ಛಾಪಾ ಕಾಗದದ ಮೇಲೆ ರಾಣಿ ಇಲ್ಲ, ಗಡ್ಡದ ರಾಜ ಅದಾನ' ಎಂದಳು. ಐದನೇ ಜಾರ್ಜ್! ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಅನ್ನುವುದನ್ನೇ ಮಾಸ್ತರು ಮರೆತಿದ್ದೆವು. ಅದು 1936ರ ಧಾತು. ಹಳೆಯ ಕಾಗದದಲ್ಲಿ ಬರೀ ಸಂವತ್ಸರ ಇದ್ದರೆ ಶಕವರ್ಷ ಇದೆಯೋ, ಛಾಪಾ ಯಾವ ಕಾಲದ್ದು, ಬರೆದವರು ಯಾರು ಎಂದು ನೋಡಿಯೇ ಇಸವಿ ಹಾಕಬೇಕು.

ಇನ್ನು ಹೊಲದ ಇತಿಹಾಸ. ಮ್ಯುಟೇಶನ್ ಹಿಡಿದು ಹಿಂದಕ್ಕೆ ಹೋದೆವು. 1997ರಲ್ಲಿ ಅಪ್ಪನಿಂದ ನಮ್ಮಿಬ್ಬರ ಹೆಸರಿಗೆ. 1951ರಲ್ಲಿ ಅಜ್ಜನಿಂದ ಅಪ್ಪನ ಹೆಸರಿಗೆ. ಅದರ ಹಿಂದೆ ಮುತ್ತಜ್ಜನಿಂದ ಅಜ್ಜನಿಗೆ. ಮುತ್ತಜ್ಜನಿಗೆ ಎಲ್ಲಿಂದ? ಇನಾಮು ಅಂತ ಇರಬೇಕಿತ್ತು. ಇದ್ದದ್ದು 'ಖರೀದಿ', 1927. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಆ ಖರೀದಿ ಪತ್ರದ ನಕಲು ತೆಗೆಸಿದೆವು. ಅದರಲ್ಲಿ ಮುತ್ತಜ್ಜನನ್ನು 'ಇದುವರೆಗೆ ಸದರಿ ಜಮೀನನ್ನು ಲಾವಣಿ ಮಾಡುತ್ತಿದ್ದವನು' ಎಂದು ಬರೆದಿದೆ. ಮೂಲ ಸಾಕಿನ್ ಅಂತ ರೋಣ ತಾಲೂಕಿನ ಒಂದು ಹಳ್ಳಿಯ ಹೆಸರಿದೆ. ಕಿತ್ತೂರೂ ಇಲ್ಲ, ದಂಡೂ ಇಲ್ಲ, ಇನಾಮೂ ಇಲ್ಲ. ಬರದ ಕಾಲದಲ್ಲಿ ಹೊಟ್ಟೆಗಿಲ್ಲದೆ ಗುಳೆ ಬಂದು, ಇನ್ನೊಬ್ಬರ ಹೊಲದಲ್ಲಿ ದುಡಿದು, ಐವತ್ತು ದಾಟಿದ ಮೇಲೆ ನಾಲ್ಕು ಎಕರೆ ಕೊಂಡ ಮನುಷ್ಯ ನಮ್ಮ ಮುತ್ತಜ್ಜ.

ಆ ಬರದಲ್ಲಿ ಧಾರವಾಡ ಜಿಲ್ಲೆಯ ಮೂಡಣ ಎರೆಭೂಮಿಯ ತಾಲೂಕುಗಳಿಗೆ ಬಹಳ ಪೆಟ್ಟು ಬಿತ್ತು. 1884ರಲ್ಲಿ ಅಚ್ಚಾದ ಮುಂಬಯಿ ಗೆಜೆಟಿಯರಿನ ಧಾರವಾಡ ಸಂಪುಟದಲ್ಲಿ ಆ ವರ್ಷಗಳ ವಿವರ ಇದೆ. 1872ರ ಖಾನೇಶುಮಾರಿಗಿಂತ 1881ರದರಲ್ಲಿ ಜಿಲ್ಲೆಯ ಜನಸಂಖ್ಯೆ ಕಡಿಮೆಯಾಗಿತ್ತು ಅಂದರೆ ನೀವೇ ತಿಳಿದುಕೊಳ್ಳಿ.

ಅಣ್ಣನಿಗೆ ಇದು ಹಿಡಿಸಲಿಲ್ಲ. 'ಇದನ್ನ ಬರೀಬ್ಯಾಡ, ಕಿತ್ತೂರಂದು ಇರಲಿ, ಯಾರ ಬಂದು ನೋಡ್ತಾರ?' ಎಂದ. ಎಂಟು ದಿನ ಮಾತಾಡಲಿಲ್ಲ. ಅವನ ಸಂಕಟ ನಮಗೂ ತಿಳಿಯುತ್ತದೆ, ಸಣ್ಣವರಿದ್ದಾಗಿನಿಂದ ಕೇಳಿದ ಕಥೆ. ಆದರೆ ಬಲಗಡೆಯ ಅಂಕಣದಲ್ಲಿ ಬರೆಯಲು ಕಿತ್ತೂರಿನ ಬಗ್ಗೆ ಒಂದು ಅಕ್ಷರವೂ ನಮ್ಮ ಹತ್ತಿರ ಇರಲಿಲ್ಲ. ಅದನ್ನು 'ಮನೆಯಲ್ಲಿ ಹೇಳುತ್ತ ಬಂದ ಮಾತು' ಅಂತ ಬೇರೆ ಪುಟದಲ್ಲಿ ಬರೆದಿಟ್ಟಿದ್ದೇವೆ, ಅಳಿಸಿಲ್ಲ.

ರೋಣದ ಆ ಹಳ್ಳಿಗೆ ಹೋದೆವು. ನಮ್ಮ ಮನೆದೇವರಿಗೇ ನಡೆದುಕೊಳ್ಳುವ ಎರಡು ಮನೆಗಳು ಅಲ್ಲಿದ್ದವು. ಅದೊಂದರಿಂದ ಏನೂ ಸಾಬೀತಾಗುವುದಿಲ್ಲ. ಸವದತ್ತಿ ಎಲ್ಲಮ್ಮನಿಗೆ, ಮೈಲಾರಲಿಂಗನಿಗೆ ನಡೆದುಕೊಳ್ಳುವವರು ಎಷ್ಟು ಸಾವಿರ ಮನೆತನ? ಆದರೆ ಆ ಮನೆಯವರು, 'ಸುಗ್ಗಿ ಮುಗದ ಮ್ಯಾಲ ನಮ್ಮ ಹೆಳವ ಬರ್ತಾನ, ಅವಾಗ ಬರ್ರಿ' ಅಂದರು.

ಹೆಳವರನ್ನು ಹಿರಿಯರೆಲ್ಲ ನೋಡಿದ್ದೀರಿ. ಎತ್ತಿನ ಮೇಲೆ ಗಂಟೆ ಕಟ್ಟಿಕೊಂಡು ಬಂದು, ಅಂಗಳದಲ್ಲಿ ನಿಂತು, ಮನೆತನದ ಹಿರಿಯರನ್ನೆಲ್ಲ ಹೆಸರು ಹಿಡಿದು ಹೊಗಳಿ, ಕಾಳು, ಬಟ್ಟೆ, ಕೆಲವೊಮ್ಮೆ ದನ ಇಸಕೊಂಡು ಹೋಗುವವರು. ಇಂಥ ಮನೆತನಗಳು ಇಂಥ ಹೆಳವನಿಗೆ ಅಂತ ಹಂಚಿಕೆ. ನಾವು ಸಣ್ಣವರಿದ್ದಾಗ ಅವರು ಬಂದರೆ ಭಿಕ್ಷೆಯವರು ಅಂತ ತಿಳಿದಿದ್ದೆವು. ಈಗ ಕೈ ಮುಗಿಯುತ್ತೇವೆ. ಅವರು ಇಟ್ಟುಕೊಂಡಿರುವ ಹೊತ್ತಗೆ ಯಾವ ಕಚೇರಿಯಲ್ಲೂ ಇಲ್ಲ.

ಸುಗ್ಗಿಯ ನಂತರ ಹೋದೆವು. ಎತ್ತು ಇರಲಿಲ್ಲ, ಮೋಟರ್ ಸೈಕಲ್ಲಿನ ಮೇಲೆ ಬಂದಿದ್ದರು. ಬಟ್ಟೆ ಬಿಚ್ಚಿ ಹೊತ್ತಗೆ ತೆಗೆದು ರಾಗವಾಗಿ ಓದುತ್ತ ಹೋದರು. ನಾಲ್ಕು ಜನ ಅಣ್ಣತಮ್ಮರ ತಲೆ ಬಂತು. ಮೂವರ ಕೆಳಗೆ ಮಕ್ಕಳು, ಮೊಮ್ಮಕ್ಕಳು. ನಾಲ್ಕನೆಯವನ ಹೆಸರು ಓದಿ ನಿಂತರು. ನಮ್ಮ ಅಜ್ಜನದೇ ಹೆಸರು. 'ಬರದಾಗ ಹೆಂಡತಿ, ಕೂಸು ಕಟಗೊಂಡು ಪಡುವಲಕ್ಕ ಹೋದ. ಈ ಟೊಂಗಿ ಒಣಗೈತಿ ಅಂತ ನಮ್ಮಜ್ಜ ಬರದಾನ್ರಿ' ಎಂದರು. ಹುಡುಗಿ ಖರೀದಿ ಪತ್ರದ ನಕಲು ಮುಂದೆ ಹಿಡಿದಳು. ಅದರಲ್ಲಿ ಮುತ್ತಜ್ಜನ ಹೆಸರಿನ ಮುಂದೆ ತಂದೆಯ ಹೆಸರು ಅದೇ ಇತ್ತು. ಕಿತ್ತೂರಿನ ಗುಂಗಿನಲ್ಲಿ ನಾವು ಅದನ್ನು ಬರೆದವನ ಕೈತಪ್ಪು, ಮಗನ ಹೆಸರನ್ನು ತಂದೆಯ ಹೆಸರಿನ ಜಾಗದಲ್ಲಿ ಬರೆದಿದ್ದಾನೆ ಅಂತ ಬಿಟ್ಟುಬಿಟ್ಟಿದ್ದೆವು!

ಒಂದೇ ಹೆಸರಿನವರು ಬೇಕಾದಷ್ಟು ಇರುತ್ತಾರೆ. ಆದರೂ ಊರು, ಬರ, ಹೆಸರು, ಮನೆದೇವರು ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತವೆ. ನೋಟ್‌ಬುಕ್ಕಿನಲ್ಲಿ 'ಬಹುಮಟ್ಟಿಗೆ ಖಚಿತ' ಎಂದು ಬರೆದೆವು. ಹೆಳವರು ಮಾತ್ರ ಅಷ್ಟು ಅನುಮಾನದ ಮನುಷ್ಯರಲ್ಲ, ಅಲ್ಲೇ ಪೆನ್ನು ತೆಗೆದು ಒಣಗಿದ ಟೊಂಗೆಗೆ ನಮ್ಮನ್ನು ಚಿಗುರಿಸಿದರು. ಅಪ್ಪ, ಅಣ್ಣ, ನಾವು, ಅಣ್ಣನ ಮಗ, ನಮ್ಮ ಮಕ್ಕಳಿಬ್ಬರು. ಪೆನ್ನು ಮುಚ್ಚಿದರು. ಹುಡುಗಿ, 'ಅಜ್ಜಾರ, ನಾ?' ಎಂದಳು. 'ನಿನ್ನ ಕೊಟ್ಟ ಮನ್ಯಾಗ ಬರಕೋತಾರವ್ವ' ಎಂದರು. ನಾವೆಲ್ಲ ನಕ್ಕೆವು. ಆಕೆ ನಗಲಿಲ್ಲ.

ಬಸ್ಸಿನಲ್ಲಿ ಬರುವಾಗ ಆಕೆ ಚೀಲದಿಂದ ಇನ್ನೊಂದು ಕಾಗದ ತೆಗೆದಳು. ಅಪ್ಪ 1996ರಲ್ಲಿ ತೀರಿಹೋದ ಮೇಲೆ ಪೌತಿ ಖಾತೆಗಾಗಿ ನಾವು ಕೊಟ್ಟ ವಂಶವೃಕ್ಷದ ನಕಲು. ಅದರಲ್ಲಿ ಅಪ್ಪನ ಕೆಳಗೆ ಎರಡೇ ಗೆರೆ: ಅಣ್ಣ, ನಾವು. 'ಹೆಳವರು ಬಿಟ್ಟಿದ್ದು ಅವರ ಪದ್ಧತಿ. ಇದರಾಗ ಅತ್ತಿ ಹೆಸರು ಬಿಟ್ಟವರು ಯಾರು ಕಾಕಾ?'

ನಮ್ಮ ಅಕ್ಕ. ನಮಗಿಂತ ಐದು ವರ್ಷ ದೊಡ್ಡವಳು. 1970ರಲ್ಲಿ ಮದುವೆಯಾಗಿ ಹೋದವಳು. ಆ ಕಾಗದದ ಕೆಳಗೆ 'ಇವರ ಹೊರತು ಬೇರೆ ವಾರಸುದಾರರು ಇರುವುದಿಲ್ಲ' ಅಂತ ಬರೆದಿದೆ. ಬರೆದದ್ದು ನಮ್ಮದೇ ಅಕ್ಷರ, ದುಂಡಗೆ. ಸಹಿ ನಮ್ಮಿಬ್ಬರದು. ಎಲ್ಲರೂ ಹಾಗೇ ಬರೆಯುತ್ತಿದ್ದರು, ಯಾರೂ ಕೇಳಲಿಲ್ಲ, ನಾವೂ ಯೋಚನೆ ಮಾಡಲಿಲ್ಲ. ತಲೆ ತಲೆಗೆ ಆಧಾರ ಕೇಳುತ್ತ ಎರಡು ಜಿಲ್ಲೆ ತಿರುಗಿದವರ ಸ್ವಂತ ಕೈಬರಹದ ಸುಳ್ಳು ಒಂದು ತಾಲೂಕು ಕಚೇರಿಯ ಕಡತದಲ್ಲಿ ಕುಳಿತಿತ್ತು.

ಈ ಹೊತ್ತಿಗೆ ಸಂಘದ ಕಪಾಟಿನ ಮಾತು. ಅವ್ವನ ಹೆಸರು ಯಾವ ಯಾವ ಕಾಗದದಲ್ಲಿದೆ ಅಂತ ನಾವು ಹುಡುಕುತ್ತಿದ್ದೆವು. ರೇಷನ್ ಕಾರ್ಡು, ಮತದಾರರ ಪಟ್ಟಿ ಬಿಟ್ಟರೆ ಏನೂ ಇಲ್ಲ. ಆಕೆ ಸಂಘ ಶುರುವಾದ ವರ್ಷವೇ ಒಂದು ಷೇರು ತಗೊಂಡಿದ್ದಳು ಅನ್ನುವುದು ನೆನಪಾಯಿತು. ಎಮ್ಮೆಯ ಹಾಲು ಮಾರಿದ ದುಡ್ಡು. ಕಾರ್ಯದರ್ಶಿಗಳು ಮೊದಲ ಸದಸ್ಯರ ರಿಜಿಸ್ಟರು ಹುಡುಕಿ ಕೊಟ್ಟರು. ಹೊಲಿಗೆ ಬಿಟ್ಟಿತ್ತು, ಒಂದು ಮೂಲೆ ಗೆದ್ದಲು ತಿಂದಿತ್ತು. ಅವ್ವನ ಹೆಸರು, ಎಡಗೈ ಹೆಬ್ಬೆಟ್ಟು. ಮುಂದೆ ನಾಮಿನಿ ಅಂತ ಅಂಕಣ. ನಮ್ಮ ಹೆಸರು ಇರುತ್ತದೆ ಅಂದುಕೊಂಡಿದ್ದೆವು. ಇದ್ದದ್ದು ಅಕ್ಕನ ಹೆಸರು. ಸಂಬಂಧ: ಮಗಳು.

ನಾವು ಆ ಪುಟದ ಮುಂದೆ ಬಹಳ ಹೊತ್ತು ಕುಳಿತೆವು. ಹೊಲದ ಕಾಗದದಲ್ಲಿ ಮಗಳ ಹೆಸರು ಇಲ್ಲ ಅಂತ ಅವ್ವನಿಗೆ ಗೊತ್ತಿತ್ತೋ ಇಲ್ಲವೋ, ನಾವು ಹೇಳಿರಲಿಲ್ಲ. ಆಕೆಯ ಹೆಬ್ಬೆಟ್ಟು ನಡೆಯುತ್ತಿದ್ದದ್ದು ಇದೊಂದೇ ಕಾಗದದ ಮೇಲೆ.

ಅಕ್ಕನ ಊರಿಗೆ ಹೋದೆವು. ಎಲ್ಲ ಹೇಳಿದೆವು. ಆಕೆ ಹಸನು ಮಾಡುತ್ತಿದ್ದ ಜೋಳದ ಮೊರ ಕೆಳಗಿಟ್ಟು, 'ಹೊಲ ಕೊಡ್ರಿ ಅಂತ ನಾ ಎಂದೂ ಕೇಳಿಲ್ಲೋ ತಮ್ಮಾ. ನಾ ಆ ಮನ್ಯಾಗ ಹುಟ್ಟೇ ಇಲ್ಲ ಅಂತ ಯಾಕ ಬರದ್ರಿ?' ಎಂದಳು. ನಾವು ಉತ್ತರ ಕೊಡಲಿಲ್ಲ. ಆಮೇಲೆ ಚಹಾ ಮಾಡಿದಳು. ಹುಡುಗಿಯ ನೋಟ್‌ಬುಕ್ಕು ನೋಡಿ, ಮುತ್ತಜ್ಜನ ಅಪ್ಪನ ಹೆಸರಿಗಾಗಿ ನಾವು ಮಾಡಿದ ತಿರುಗಾಟ ಕೇಳಿ ಬಾಯಿ ಮೇಲೆ ಸೆರಗು ಹಿಡಿದು ನಕ್ಕಳು: 'ಅದಕ್ಕ ಅಷ್ಟು ತಿರುಗಬೇಕಿತ್ತೇನು? ನಮ್ಮಜ್ಜಗ ಅವನ ಅಜ್ಜನ ಹೆಸರೇ ಇಟ್ಟಿದ್ದರಲ್ಲ. ಅಜ್ಜಿ ಬೀಸೋವಾಗೆಲ್ಲ ಹೇಳತಿದ್ದಳು.'

ಅಂದಿನಿಂದ ಅಕ್ಕ ನಮ್ಮ ಮೂರನೆಯ ಜೊತೆಗಾರಳು. ನಮ್ಮ ನೋಟ್‌ಬುಕ್ಕಿನಲ್ಲಿ ಇಲ್ಲದ ಹದಿನಾಲ್ಕು ಹೆಣ್ಣುಮಕ್ಕಳ ಹೆಸರನ್ನು, ಯಾರನ್ನು ಯಾವ ಊರಿಗೆ ಕೊಟ್ಟರು, ಯಾರು ಬಾಣಂತನದಲ್ಲಿ ಹೋದರು, ಯಾರ ಮಕ್ಕಳು ಈಗ ಎಲ್ಲಿದ್ದಾರೆ ಅನ್ನುವುದರ ಸಮೇತ ಮೂರು ಮಧ್ಯಾಹ್ನದಲ್ಲಿ ಬರೆಸಿದಳು. ಅವುಗಳಲ್ಲಿ ಒಂಬತ್ತನ್ನು ನಾವು ಬೇರೆ ಕಡೆ ತಾಳೆ ನೋಡಿದೆವು. ಒಂದು ಊರಿನ ಹೆಸರು ಬಿಟ್ಟರೆ ಎಲ್ಲ ಸರಿ ಇತ್ತು. ನೀವು ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ ತಾಲೂಕು ಕಚೇರಿಗಿಂತ ಮೊದಲು ಮನೆಯ ಹಿರಿಯ ಹೆಣ್ಣುಮಗಳ ಹತ್ತಿರ ಕುಳಿತುಕೊಳ್ಳಿ. ಒಬ್ಬರೇ ಕೇಳಬೇಡಿ, ಇಬ್ಬರು ಹೋಗಿ, ಒಬ್ಬರು ಮಾತಾಡಲಿಕ್ಕೆ, ಒಬ್ಬರು ಬರೆದುಕೊಳ್ಳಲಿಕ್ಕೆ. ಹೇಳಬಾರದು ಅಂತ ಅವರು ಅಂದದ್ದನ್ನು ಬರೆಯಬೇಡಿ.

ಕಾಯಿದೆಯ ಮಾತು ಎರಡೇ ಸಾಲು, ನಾವು ವಕೀಲರಲ್ಲ. ತಂದೆಯ ಪಾಲಿನಲ್ಲಿ ಮಗಳೂ ವಾರಸುದಾರಳು ಅನ್ನುವುದು 1956ರಿಂದಲೇ ಇದೆ. ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದ ಹಕ್ಕು ಅಂತ ನಮ್ಮ ರಾಜ್ಯ 1994ರಲ್ಲಿ ಕಾನೂನು ಮಾಡಿತು, ಆದರೆ ಆಗಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಇಲ್ಲ, 2005ರಲ್ಲಿ ತಂದೆ ಬದುಕಿರಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 1997ರಲ್ಲಿ ನಾವು ಬರೆದದ್ದು ಆವತ್ತಿನ ಕಾಯಿದೆಯಂತೆಯೂ ತಪ್ಪೇ.

ಹೊಸ ವಂಶವೃಕ್ಷಕ್ಕೆ ಅರ್ಜಿ ಕೊಟ್ಟಿದ್ದೇವೆ. ಅಪ್ಪನ ಕೆಳಗೆ ಮೂರು ಗೆರೆ, ಅಕ್ಕ ಮೊದಲು, ವಯಸ್ಸಿನ ಪ್ರಕಾರ. ಅಣ್ಣ ಮೊದಲು 'ಮದುವ್ಯಾಗ ಬಂಗಾರ ಹಾಕೇವಲ್ಲ' ಅಂದ, ಕಳೆದ ತಿಂಗಳು ಬಂದು ಸಹಿ ಹಾಕಿದ. ಈ ಮಾತನ್ನು ಸಭೆಯಲ್ಲಿ ಆಡಲೇ ಅಂತ ಅವನನ್ನು ಕೇಳಿದ್ದೇವೆ. 'ಹೇಳು, ಹೆಂಗೂ ಊರಿಗೆ ಗೊತ್ತಾಗೈತಿ' ಎಂದ. ಹೊಲದ ಮಾತು ಇನ್ನೂ ಮುಗಿದಿಲ್ಲ. ಅಕ್ಕ ಬೇಡ ಅನ್ನುತ್ತಾಳೆ, ಆಕೆಯ ಮಕ್ಕಳು ಏನೂ ಅನ್ನುವುದಿಲ್ಲ, ನಾವು ಬಲವಂತ ಮಾಡಿದರೆ ಸಂಬಂಧ ಕೆಡುತ್ತದೋ, ಮಾಡದಿದ್ದರೆ ಹಳೆಯ ತಪ್ಪಿಗೆ ಹೊಸ ಸಹಿ ಆಗುತ್ತದೋ ತಿಳಿಯದೆ ಇದ್ದೇವೆ.

ಸಂಘದ ಆಡಳಿತ ಮಂಡಳಿಗೆ ಒಂದು ವಿನಂತಿ. ಆ ಮೊದಲ ರಿಜಿಸ್ಟರನ್ನು ಹೊಲಿಸಿ, ಸ್ಕ್ಯಾನ್ ಮಾಡಿಸಿ ಇಡಿ. ಖರ್ಚು ಸಂಘಕ್ಕೆ ಭಾರವಾದರೆ ಅವ್ವನ ಷೇರಿನ ಡಿವಿಡೆಂಡು ಅದಕ್ಕೇ ಹಾಕಿ ಅಂತ ಅಕ್ಕ ಹೇಳಿ ಕಳಿಸಿದ್ದಾಳೆ. ನೂರು ರೂಪಾಯಿಯ ಷೇರಿನ ಡಿವಿಡೆಂಡು ದಾರಕ್ಕಾದರೂ ಆದೀತು.

ನಿಮ್ಮೆಲ್ಲರಿಗೂ ಒಂದು ವಿನಂತಿ ಇದೆ. ನಮ್ಮ ನಕ್ಷೆಯಲ್ಲಿ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಒಂದು ವೃತ್ತ ಖಾಲಿ ಇದೆ. ಧಾತು ವರ್ಷದಲ್ಲಿ ಕೂಸನ್ನು ಕಟ್ಟಿಕೊಂಡು ರೋಣದ ಕಡೆಯಿಂದ ಈ ಊರಿಗೆ ನಡೆದು ಬಂದ ಹೆಣ್ಣುಮಗಳು. ಹೆಳವರ ಹೊತ್ತಗೆಯಲ್ಲಿ ಆಕೆ ಬರೀ 'ಹೆಂಡತಿ'. ಅಕ್ಕನಿಗೂ ಆ ಹೆಸರು ಗೊತ್ತಿಲ್ಲ. ಆ ಬರದಲ್ಲಿ ಮೂಡಣದಿಂದ ಬಂದ ಮನೆಗಳು ಊರಿನಲ್ಲಿ ಇನ್ನೂ ಮೂರು-ನಾಲ್ಕು ಇವೆ ಅಂತ ಕೇಳಿದ್ದೇವೆ. ನಿಮ್ಮ ಮನೆಯ ಅಜ್ಜಿಯರ ಬಾಯಲ್ಲಿ ಆಕೆಯ ಹೆಸರು ಬಂದದ್ದು ನೆನಪಿದ್ದರೆ ಹೇಳಿ. ನೋಟ್‌ಬುಕ್ಕು ಇವತ್ತು ಸಂಘದ ಆಫೀಸಿನ ಮೇಜಿನ ಮೇಲೆ ಇಟ್ಟಿರುತ್ತೇವೆ, ಪಕ್ಕದಲ್ಲಿ ಪೆನ್ಸಿಲ್ಲೂ ಇದೆ. ಅಕ್ಕ ಅಲ್ಲಿ ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ, ನಮಗೆ ಹೇಳಲು ಸಂಕೋಚವಾದವರು ಆಕೆಗೆ ಹೇಳಬಹುದು.

ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ.